ಮದ್ದಿನ ಕೊಂಬು, ಅಳತೆ, ಗಜದ ಗುರುತು: ಮಜಲ್‌ಲೋಡರ್ ಹವ್ಯಾಸಿಗಳಿಗೆ ಒಂದಿಷ್ಟು ಕೈಗೆಲಸ

ಮಜಲ್‌ಲೋಡರ್ ಅಂದರೆ ನಳಿಗೆಯ ಬಾಯಿಯಿಂದಲೇ ಕರಿಮದ್ದು, ಗುಂಡು ಹಾಕಿ ಗಜದಿಂದ, ಅಂದರೆ ಉದ್ದನೆಯ ಕೋಲಿನಿಂದ, ಜಡಿಯುವ ಹಳೇ ಕಾಲದ ಕೋವಿ. ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಕೊಳ್ಳುವುದು ಒಂದು ಬಗೆ. ಕೇಪು, ಅಂದರೆ ಪೆಟ್ಟು ಬಿದ್ದರೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ, ಇಟ್ಟು ಹೊಡೆಯುವುದು ಇನ್ನೊಂದು ಬಗೆ. ಇದರ ಹಿಂದೆ ಬಿದ್ದವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ: ಗುರಿ ಹೊಡೆಯುವ ಹೊತ್ತು ಕಡಿಮೆ, ಅದಕ್ಕೆ ಬೇಕಾದ ಸಾಮಾನು ಮಾಡಿಕೊಳ್ಳುವ, ತೊಳೆಯುವ, ಒರೆಸುವ ಹೊತ್ತೇ ಜಾಸ್ತಿ.

ಈ ಸಾಮಾನೆಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೂ ಒಂದೆರಡನ್ನಾದರೂ ನೀವೇ ಮಾಡಿ ಅಂತ ನಾನು ಒತ್ತಿ ಹೇಳುತ್ತೇನೆ. ಅಳತೆಯ ಕೊಳವೆಯನ್ನು ಕೈಯಾರೆ ಕೊರೆದವರಿಗೆ ಮದ್ದಿನ ಪ್ರಮಾಣ ಯಾಕೆ ಮುಖ್ಯ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಗಜಕ್ಕೆ ಗುರುತು ಹಾಕಿದವರು ಕೋವಿಯಲ್ಲಿ ಈಡು (ತುಂಬಿದ ಮದ್ದು, ಗುಂಡು) ಇದೆಯೋ ಇಲ್ಲವೋ ಅನ್ನುವುದನ್ನು ಊಹೆಗೆ ಬಿಡುವುದಿಲ್ಲ. ಈ ಕೋವಿಯನ್ನು ಅರ್ಥ ಮಾಡಿಕೊಳ್ಳುವ ದಾರಿ ಕೈಗೆಲಸದ ಮೂಲಕವೇ ಹೋಗುತ್ತದೆ.

ಶುರು ಮಾಡುವ ಮುಂಚೆ ಎರಡು ಮಾತು. ನೀವಿರುವ ಕಡೆ ಕೋವಿಗೂ ಮದ್ದಿಗೂ ಯಾವ ಕಾನೂನು, ಯಾವ ಪರವಾನಗಿ ಅಂತ ಮೊದಲೇ ವಿಚಾರಿಸಿಕೊಳ್ಳಿ. ಕೆಲಸ ಮಾಡುವ ಮೇಜಿನ ಹತ್ತಿರ ಮದ್ದು, ಕೇಪು ಯಾವುದೂ ಇರಬಾರದು. ಕೊಂಬು ಕೊರೆಯುವ ದಿನ ಮದ್ದಿನ ಡಬ್ಬಿ ಬೇರೆ ಕಡೆ ಇರಲಿ.

ಮೊದಲ ಕೆಲಸ: ಗಜಕ್ಕೆ ಗುರುತು

ಇದು ಅರ್ಧ ಗಂಟೆಯ ಕೆಲಸ. ಆದರೆ ಇಲ್ಲಿ ಹೇಳುವುದರಲ್ಲೆಲ್ಲ ಹೆಚ್ಚು ಉಪಯೋಗಕ್ಕೆ ಬರುವುದು ಇದೇ.

ಮೊದಲು ಕೇಪು ತೆಗೆಯಿರಿ, ಚಕಮಕಿ ಕೋವಿಯಾದರೆ ಕಿಡಿ ಬೀಳುವ ಪುಟ್ಟ ಬಟ್ಟಲಿನ ಮದ್ದು ಒರೆಸಿ. ಕೋವಿಯ ಬಾಯಿ ಯಾರ ಕಡೆಗೂ, ನಿಮ್ಮ ಮುಖದ ಕಡೆಗೂ ಇರದಂತೆ ಹಿಡಿದು ಗಜವನ್ನು ತಳ ಮುಟ್ಟುವವರೆಗೆ ಇಳಿಬಿಡಿ. ನಳಿಗೆಯ ಬಾಯಿ ಬರುವ ಜಾಗವನ್ನು ಗಜದ ಮೇಲೆ ಬೆರಳಲ್ಲಿ ಹಿಡಿದುಕೊಳ್ಳಿ. ಈಗ ಗಜ ಹೊರಗೆ ತೆಗೆದು, ಅದೇ ಅಳತೆಗೆ ನಳಿಗೆಯ ಪಕ್ಕದಲ್ಲಿ ಇಟ್ಟು ನೋಡಿ. ಖಾಲಿ ಕೋವಿಯಾದರೆ ಗಜದ ತುದಿ ಹೆಚ್ಚುಕಡಿಮೆ ಕಿಡಿ ಹೋಗುವ ತೂತಿನ ತನಕ ಬರಬೇಕು. ಒಂದೆರಡು ಬೆರಳಗಲ ಮೊದಲೇ ನಿಂತರೆ ಒಳಗೆ ಏನೋ ಇದೆ. ಯಾರದೋ ಹಳೆಯ ಕೋವಿ ಕೈಗೆ ಬಂದಾಗ ಮೊದಲು ಮಾಡಬೇಕಾದ ಪರೀಕ್ಷೆಯೂ ಇದೇ. ಎಷ್ಟೋ ವರ್ಷ ಗೋಡೆಗೆ ನೇತು ಹಾಕಿದ್ದ ಕೋವಿಯೊಳಗೂ ತುಂಬಿದ ಈಡು ಹಾಗೇ ಕೂತಿರಬಹುದು. ಹಾಗೇನಾದರೂ ಕಂಡರೆ ತಿಳಿದವರ ಕೈಗೆ ಕೊಡಿ, ನೀವೇ ಕೆದಕಬೇಡಿ.

ಖಾಲಿ ಅಂತ ಖಾತ್ರಿಯಾದ ಮೇಲೆ ಗಜ ಮತ್ತೆ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಇದು ಖಾಲಿ ಗುರುತು. ಎರಡನೆಯದನ್ನು ಗುರಿ ಅಭ್ಯಾಸದ ಜಾಗದಲ್ಲಿ ಹಾಕಬೇಕು. ನೀವು ಯಾವಾಗಲೂ ಹಾಕುವ ಮದ್ದು, ಗುಂಡಿಗೆ ಸುತ್ತುವ ಬಟ್ಟೆ, ಗುಂಡು ಹಾಕಿ, ಗುಂಡು ಮದ್ದಿನ ಮೇಲೆ ಕೂತ ಮೇಲೆ ಗೆರೆ ಎಳೆಯಿರಿ. ಇನ್ನು ಮುಂದೆ ಪ್ರತಿ ಸಲವೂ ಗಜ ಆ ಗೆರೆಯ ತನಕ ಇಳಿಯಬೇಕು. ಗೆರೆ ಮೇಲೇ ಉಳಿದರೆ ಗುಂಡು ಮದ್ದಿನ ಮೇಲೆ ಕೂತಿಲ್ಲ ಅಂತ ಅರ್ಥ. ನಡುವೆ ಜಾಗ ಬಿಟ್ಟು ಹೊಡೆದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ಮರದ ಗಜಕ್ಕೆ ಚಾಕುವಿನಿಂದ ಆಳವಾಗಿ ಕಚ್ಚು ಹಾಕಬೇಡಿ. ಗಜ ಅಲ್ಲೇ ಮುರಿಯುತ್ತದೆ. ಗಟ್ಟಿ ಶಾಯಿಯ ಗೆರೆ, ಅದರ ಮೇಲೆ ಒಂದು ಪದರ ವಾರ್ನಿಶ್ ಸಾಕು.

ಮದ್ದಿನ ಕೊಂಬು

ಈಗ ನಿಜವಾದ ಕೆಲಸಕ್ಕೆ ಬರೋಣ. ದನದ ಕೊಂಬಿನ ಒಳಗೆ ನೀರು ಇಳಿಯುವುದಿಲ್ಲ, ಅದು ಹಗುರ, ಬಡಿದರೆ ಕಿಡಿ ಹಾರುವುದಿಲ್ಲ. ಮದ್ದು ಇಡಲು ಇದಕ್ಕಿಂತ ಒಳ್ಳೆಯದು ಆ ಕಾಲದವರಿಗೆ ಸಿಕ್ಕಿರಲಿಲ್ಲ. ಕೊಂಬು ನಮ್ಮ ಉಗುರಿನ ಹಾಗೆ ಕೆರಾಟಿನ್‌ನಿಂದ ಆದದ್ದು. ಬಿಸಿಯಾದರೆ ಮೆತ್ತಗಾಗುತ್ತದೆ, ಆರಿದರೆ ಹೊಸ ಆಕಾರದಲ್ಲೇ ಗಟ್ಟಿಯಾಗುತ್ತದೆ. ಈ ಗುಣವನ್ನು ಹಿಡಿದೇ ಕೆಲಸವೆಲ್ಲ ನಡೆಯುವುದು.

ಒಳಗಿನ ಮೂಳೆ ತೆಗೆದು ಒಣಗಿಸಿದ ಕೊಂಬನ್ನೇ ಕೊಳ್ಳಿ. ಹಸಿ ಕೊಂಬನ್ನು ನೆನೆಸಿ ಮೂಳೆ ಬಿಡಿಸಬಹುದು ನಿಜ, ಆದರೆ ಆ ವಾಸನೆ ಮನೆಯವರೆಲ್ಲರ ತಾಳ್ಮೆ ಪರೀಕ್ಷಿಸುತ್ತದೆ. ಆರಿಸುವಾಗ ಸೊಂಟದ ಪಕ್ಕ ಹಿಡಿದು ನೋಡಿ. ಬಾಗು ಮೈಗೆ ಒತ್ತಿಕೊಂಡು ಕೂರಬೇಕು, ತುದಿ ಮುಂದಕ್ಕೆ ಬರಬೇಕು. ಬಲಗಡೆಯ ಕೊಂಬಿಗೂ ಎಡಗಡೆಯದಕ್ಕೂ ತಿರುವು ಬೇರೆ. ಹಾಗಾಗಿ ಎರಡನ್ನೂ ಹಿಡಿದು ನೋಡಿಯೇ ತೆಗೆದುಕೊಳ್ಳಿ. ಬೆಳಕಿಗೆ ಹಿಡಿದು ಬಿರುಕು ಇದೆಯೇ ನೋಡುವುದನ್ನು ಮರೆಯಬೇಡಿ.

ಕೊಂಬಿನ ಬುಡ ಟೊಳ್ಳು, ತುದಿ ಗಟ್ಟಿ. ಟೊಳ್ಳು ಎಲ್ಲಿಗೆ ಮುಗಿಯುತ್ತದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಮೆದುವಾದ ತಂತಿಯನ್ನು ಬುಡದಿಂದ ಒಳಗೆ ತಳ್ಳಿ, ಅದು ನಿಲ್ಲುವವರೆಗೆ ಬಿಡಿ. ಬುಡದ ಅಂಚಿನಲ್ಲಿ ತಂತಿಗೆ ಗುರುತು ಮಾಡಿ ಹೊರಗೆ ತೆಗೆಯಿರಿ. ಅದೇ ತಂತಿಯನ್ನು ಕೊಂಬಿನ ಹೊರಮೈಯ ಬಾಗಿನ ಮೇಲೆ ಇಟ್ಟರೆ ಟೊಳ್ಳಿನ ಕೊನೆ ಎಲ್ಲಿದೆ ಅಂತ ತಿಳಿಯುತ್ತದೆ. ಅಲ್ಲಿಂದ 25-30 ಮಿಲಿಮೀಟರ್ ಮುಂದಕ್ಕೆ ಬಿಟ್ಟು ತುದಿಯನ್ನು ಹ್ಯಾಕ್ಸಾದಿಂದ ಕತ್ತರಿಸಿ. ಬುಡದ ಅಂಕುಡೊಂಕು ಅಂಚನ್ನೂ ನೇರವಾಗಿ ಕತ್ತರಿಸಿ.

ಇನ್ನು ತುದಿಯಿಂದ ಟೊಳ್ಳಿನವರೆಗೆ ತೂತು. ಅವಸರ ಮಾಡಬಾರದ ಜಾಗ ಇದು. ಕೊಂಬು ಬಾಗಿರುತ್ತದೆ, ಡ್ರಿಲ್ ನೇರ ಹೋಗುತ್ತದೆ. ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ ಪೆನ್ಸಿಲ್‌ನಲ್ಲಿ ದಾರಿ ಗೀಚಿಕೊಳ್ಳಿ. ಕೊಂಬನ್ನು ಬಟ್ಟೆ ಸುತ್ತಿ ವೈಸ್‌ನಲ್ಲಿ ಕಟ್ಟಿ. ಮೊದಲು 3 ಮಿಲಿಮೀಟರಿನ ಬಿಟ್, ಆಮೇಲೆ 6 ಮಿಲಿಮೀಟರಿನದು. ನಿಧಾನವಾಗಿ ತಿರುಗಿಸಿ, ಆಗಾಗ ಬಿಟ್ ಹೊರಗೆ ತೆಗೆದು ಪುಡಿ ಉದುರಿಸಿ. ಕೂದಲು ಸುಟ್ಟ ವಾಸನೆ ಬಂತು ಅಂದರೆ ಬಿಸಿ ಜಾಸ್ತಿಯಾಗಿದೆ, ಸ್ವಲ್ಪ ನಿಲ್ಲಿಸಿ. ಕೊಂಬಿನ ನುಣ್ಣನೆಯ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೊರೆಯುವಾಗ, ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಲೇಬೇಕು.

ಬುಡಕ್ಕೆ ಮರದ ಮುಚ್ಚಳ ಕೂರಿಸಬೇಕು. ಕೊಂಬಿನ ಬಾಯಿ ಯಾವತ್ತೂ ಪೂರ್ತಿ ದುಂಡಗಿರುವುದಿಲ್ಲ. ಮೊದಲೇ ಒಂದು ಮರದ ತುಂಡನ್ನು ಬುಗುರಿಯ ಹಾಗೆ ಒಂದು ಕಡೆ ಕಿರಿದಾಗಿ ಕಡೆದಿಟ್ಟುಕೊಳ್ಳಿ. ಕುದಿಯುವ ನೀರಿನಲ್ಲಿ ಕೊಂಬಿನ ಬುಡವನ್ನು ಹತ್ತು ನಿಮಿಷ ಮುಳುಗಿಸಿ, ಗ್ಲೌಸ್ ಹಾಕಿಕೊಂಡು ಎತ್ತಿ, ಈ ತುಂಡನ್ನು ಒತ್ತಿ ಕೂರಿಸಿ, ಪೂರ್ತಿ ಆರಲು ಬಿಡಿ. ತೆಗೆದಾಗ ಬಾಯಿ ದುಂಡಗಾಗಿರುತ್ತದೆ. ಒಂದೇ ಸಲಕ್ಕೆ ಬಗ್ಗದಿದ್ದರೆ ಇನ್ನೊಮ್ಮೆ ಮಾಡಿ. ಬಿಸಿ ಎಣ್ಣೆಯಲ್ಲಿ ಅದ್ದಿದರೆ ಬೇಗ ಮೆತ್ತಗಾಗುತ್ತದೆ ಅನ್ನುವವರಿದ್ದಾರೆ. ಅದು ನಿಜವೇ, ಆದರೆ ಕಾದ ಎಣ್ಣೆಯಲ್ಲಿ ಕೊಂಬು ನೋಡನೋಡುತ್ತಲೇ ಸುಟ್ಟು ಸುರುಟಿಹೋಗುತ್ತದೆ, ಕೈಗೂ ಅಪಾಯ. ಹೊಸಬರಿಗೆ ನೀರೇ ಸರಿ.

ಮುಚ್ಚಳಕ್ಕೆ ಚೆನ್ನಾಗಿ ಒಣಗಿದ ಮರ ಬೇಕು. ಹಸಿ ಮರ ಆಮೇಲೆ ಕುಗ್ಗಿ ಸಂದಿ ಬಿಡುತ್ತದೆ. ಕೊಂಬಿನ ಒಳಗೆ ಹೋಗುವ ಭಾಗ 20 ಮಿಲಿಮೀಟರ್ ದಪ್ಪ ಇದ್ದರೆ ಸಾಕು. ಸರಿಯಾಗಿ ಕೂರಿಸಲು ಒಂದು ಉಪಾಯ ಇದೆ. ಕೊಂಬಿನ ಬಾಯಿಯ ಒಳಗೆ ಬಣ್ಣದ ಸೀಮೆಸುಣ್ಣ ಬಳಿಯಿರಿ. ಮರವನ್ನು ಒತ್ತಿ ತಿರುಗಿಸಿ ತೆಗೆಯಿರಿ. ಬಣ್ಣ ಹತ್ತಿದ ಕಡೆ ಮರ ಉಬ್ಬಿದೆ ಅಂತ ಅರ್ಥ. ಅಲ್ಲಿ ಮಾತ್ರ ಅರ ಆಡಿಸಿ. ಮತ್ತೆ ಒತ್ತಿ, ಮತ್ತೆ ನೋಡಿ. ಸುತ್ತಲೂ ಒಂದೇ ಸಮ ಬಣ್ಣ ಹತ್ತುವವರೆಗೆ ಇದನ್ನೇ ಮಾಡುತ್ತಿರಿ. ಬೇಸರದ ಕೆಲಸ ಅನ್ನಿಸಬಹುದು. ಆದರೆ ಮದ್ದಿಗೆ ಒದ್ದೆ ತಾಗದಂತೆ ನೋಡಿಕೊಳ್ಳುವುದು ಇದೇ ಕೀಲು. ಇಲ್ಲಿ ಕೊಟ್ಟ ಸಮಯ ವ್ಯರ್ಥವಾಗುವುದಿಲ್ಲ.

ಒಳಗಿನ ಪುಡಿಯನ್ನೆಲ್ಲ ಉದುರಿಸಿ ಒರೆಸಿ. ಬುಡವನ್ನು ಮತ್ತೆ ಬಿಸಿನೀರಿಗೆ ಹಿಡಿದು, ತೇವ ಒರೆಸಿ, ಮುಚ್ಚಳ ಒತ್ತಿ. ಕೊಂಬು ಆರುತ್ತಾ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಸುತ್ತಲೂ ಆರೆಂಟು ಸಣ್ಣ ತೂತು ಕೊರೆದು ಮರದ ಮೊಳೆಯನ್ನೋ ಹಿತ್ತಾಳೆ ಮೊಳೆಯನ್ನೋ ಹೊಡೆಯಿರಿ. ತೂತು ಕೊರೆಯದೆ ಹೊಡೆದರೆ ಕೊಂಬು ಸೀಳುತ್ತದೆ. ಕರಗಿಸಿದ ಜೇನುಮೇಣವನ್ನು ಅಂಚಿನ ಸುತ್ತ ಇಳಿಸಿ. ಈಗಿನವರು ಎಪಾಕ್ಸಿ ಅಂಟನ್ನೂ ಹಾಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಮುಂದೆ ಬಿಚ್ಚಿ ರಿಪೇರಿ ಮಾಡಬೇಕಾದರೆ ಮೇಣವೇ ವಾಸಿ. ಆಮೇಲೆ ತುದಿಯ ತೂತಿಗೆ ಬಾಯಿ ಇಟ್ಟು ಜೋರಾಗಿ ಊದಿ. ಬುಡದ ಸುತ್ತ ಒದ್ದೆ ಬೆರಳು ಆಡಿಸಿದರೆ ಗಾಳಿ ಸೋರುವ ಜಾಗ ತಣ್ಣಗೆ ತಾಗುತ್ತದೆ. ಅಲ್ಲಿಗೆ ಇನ್ನಷ್ಟು ಮೇಣ.

ಇನ್ನು ಕೆರೆಯುವುದು. ಒರಟು ಅರದಿಂದ ಹೊರಪದರ ತೆಗೆದು, ಆಮೇಲೆ ಚಾಕುವಿನ ಅಲಗನ್ನು ಮೈಗೆ ನೆಟ್ಟಗೆ ಹಿಡಿದು ಎಳೆಯಿರಿ. ಕೊಂಬು ತೆಳ್ಳನೆಯ ಸುರುಳಿ ಸುರುಳಿಯಾಗಿ ಬರುತ್ತದೆ. ಮಧ್ಯೆ ಮಧ್ಯೆ ದೀಪಕ್ಕೆ ಅಡ್ಡ ಹಿಡಿದು ನೋಡಿ. ತಿಳಿ ಬಣ್ಣದ ಕೊಂಬಾದರೆ ಒಂದು ಹಂತದಲ್ಲಿ ಬೆಳಕು ಜೇನಿನ ಬಣ್ಣದಲ್ಲಿ ಒಳಗಿನಿಂದ ತೋರುತ್ತದೆ. ಅಲ್ಲಿಗೆ ನಿಲ್ಲಿಸಬಹುದು. ಇಷ್ಟು ತೆಳುವಾದರೆ ಒಳಗೆ ಎಷ್ಟು ಮದ್ದು ಉಳಿದಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. 2 ಮಿಲಿಮೀಟರಿಗಿಂತ ತೆಳ್ಳಗೆ ಮಾತ್ರ ಮಾಡಬೇಡಿ, ಬಿದ್ದರೆ ಒಡೆಯುತ್ತದೆ. ತುದಿಯ ಹತ್ತಿರ ಸುತ್ತಲೂ ಒಂದು ಉಂಗುರದಷ್ಟು ಕೊಂಬನ್ನು ಎತ್ತರವಾಗಿ ಉಳಿಸಿಕೊಳ್ಳಿ. ಹೆಗಲ ಪಟ್ಟಿ ಜಾರದೆ ನಿಲ್ಲುವುದು ಅಲ್ಲೇ. ಕೊನೆಗೆ 120, 220, 400 ನಂಬರಿನ ಸ್ಯಾಂಡ್‌ಪೇಪರ್ ಅನುಕ್ರಮವಾಗಿ. ಆಮೇಲೆ ಸೀಮೆಸುಣ್ಣದ ಪುಡಿಗೆ ಎರಡು ಹನಿ ಎಣ್ಣೆ ಹಾಕಿ ಬಟ್ಟೆಯಲ್ಲಿ ತಿಕ್ಕಿದರೆ ಹೊಳಪು ಬರುತ್ತದೆ.

ತುದಿಯ ತೂತು ಮುಚ್ಚುವ ಬಿರಡೆಗೆ ಗಟ್ಟಿ ಮರವೇ ಆಗಬೇಕು. ಪಿಟೀಲಿನ ಹಳೆಯ ಬಿರಡೆ ಸಿಕ್ಕರೆ ಅದೃಷ್ಟ. ಮೊದಲಿನಿಂದಲೂ ಅದನ್ನು ಇದಕ್ಕೆ ಬಳಸುತ್ತಾ ಬಂದಿದ್ದಾರೆ, ಓರೆಯಾಗಿ ಕಡೆದಿರುವುದರಿಂದ ಸರಿಯಾಗಿ ಕಚ್ಚಿಕೊಳ್ಳುತ್ತದೆ. ಕೊಂಬಿನ ತೂತನ್ನೂ ಅದೇ ಓರೆಗೆ ದುಂಡು ಅರದಿಂದ ಸವರಿ. ಬಿರಡೆ ಕಳೆದುಹೋಗದಂತೆ ಪಟ್ಟಿಗೆ ಒಂದು ದಾರದಿಂದ ಕಟ್ಟಿಡಿ.

ಮೈಮೇಲೆ ಏನಾದರೂ ಕೆತ್ತುವ ಆಸೆ ಇದ್ದರೆ ಹೊಳಪು ಕೊಟ್ಟ ಮೇಲೆ ಕೆತ್ತಿ. 18ನೇ ಶತಮಾನದಲ್ಲಿ ಉತ್ತರ ಅಮೆರಿಕದ ಸೈನಿಕರು ತಮ್ಮ ಕೊಂಬಿನ ಮೇಲೆ ಹೆಸರು, ಇಸವಿ, ಕೋಟೆ, ನದಿ, ದಾರಿಗಳನ್ನೆಲ್ಲ ಕೆತ್ತಿಕೊಳ್ಳುತ್ತಿದ್ದರು. 1754ರಿಂದ 1763ರವರೆಗೆ ಅಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ನಡೆದ ಯುದ್ಧದ ಕಾಲದ ಅಂಥ ನಕ್ಷೆಯ ಕೊಂಬುಗಳು ಇವತ್ತಿಗೂ ಮ್ಯೂಸಿಯಮ್ಮುಗಳಲ್ಲಿ ಇವೆ. ಮಾಡುವುದು ಕಷ್ಟವಲ್ಲ. ಪೆನ್ಸಿಲ್‌ನಲ್ಲಿ ಬರೆದುಕೊಂಡು, ಚೂಪಾದ ಸೂಜಿಯಿಂದ ಗೆರೆಯ ಮೇಲೆ ಗೀರಿ, ಕಪ್ಪು ಶಾಯಿ ಹಚ್ಚಿ, ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಗೀರಿನೊಳಗೆ ಮಾತ್ರ ಶಾಯಿ ನಿಲ್ಲುತ್ತದೆ. ಮೊದಲು ಕತ್ತರಿಸಿ ತೆಗೆದ ತುದಿಯ ಮೇಲೆ ಕೈ ಪಳಗಿಸಿಕೊಳ್ಳಿ. ಹೆಸರು, ಇಸವಿ, ಒಂದು ಸಣ್ಣ ಬಳ್ಳಿ, ಇಷ್ಟಿದ್ದರೂ ಚೆಂದ.

ಕೊಂಬನ್ನು ತಿನ್ನುವ ಹುಳುಗಳಿವೆ. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮುಚ್ಚಿಡದೆ ಆಗಾಗ ತೆಗೆದು ಒರೆಸಿ. ಮದ್ದನ್ನೂ ಇದರಲ್ಲೇ ಬಿಟ್ಟಿಡಬೇಡಿ. ಕೆಲಸ ಮುಗಿದ ದಿನವೇ ಅದರ ಮೂಲ ಡಬ್ಬಿಗೆ ವಾಪಸ್ ಸುರಿಯಿರಿ.

ಅಳತೆಯ ಕೊಳವೆ

ಕೊಂಬಿನಿಂದ ನೇರವಾಗಿ ನಳಿಗೆಗೆ ಮದ್ದು ಸುರಿಯಲೇಬಾರದು. ಹಿಂದಿನ ಈಡಿನ ಒಂದು ಕೆಂಡದ ಚೂರು ಒಳಗೆ ಉಳಿದಿದ್ದರೆ ಸುರಿಯುವ ಮದ್ದು ಹೊತ್ತಿಕೊಳ್ಳುತ್ತದೆ. ಅಳತೆಯಲ್ಲಿ ಇದ್ದದ್ದು ಮಾತ್ರ ಹೊತ್ತಿದರೆ ಒಂದು ಮಾತು. ಕೈಯಲ್ಲಿರುವ ಇಡೀ ಕೊಂಬೇ ಹೊತ್ತಿದರೆ ಅದು ಬಾಂಬು. ಅದಕ್ಕೇ ನಡುವೆ ಒಂದು ಅಳತೆ.

ಕರಿಮದ್ದನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಆದರೆ ಕೋವಿಗೆ ಹಾಕುವಾಗ ತೂಗುವುದಿಲ್ಲ, ಪಾವು ಸೇರಿನಂತೆ ತುಂಬಿ ಅಳೆಯುತ್ತಾರೆ. ಹಿತ್ತಾಳೆ ಕೊಳವೆಯನ್ನೋ ಗಟ್ಟಿ ಕೊಂಬಿನ ತುಂಡನ್ನೋ ತೆಗೆದುಕೊಂಡು, ಬೇಕಾದದ್ದಕ್ಕಿಂತ ಕಡಿಮೆ ಆಳಕ್ಕೆ ಕೊರೆಯಿರಿ. ಅಂಗಡಿಯಿಂದ ತಂದ ಗುರುತುಳ್ಳ ಅಳತೆಯಲ್ಲಿ ನುಣ್ಣನೆಯ ಒಣ ಮರಳನ್ನು ನಿಮಗೆ ಬೇಕಾದಷ್ಟಕ್ಕೆ ಅಳೆದು ಈ ತೂತಿಗೆ ಸುರಿಯಿರಿ. ಉಕ್ಕಿ ಚೆಲ್ಲಿದರೆ ಇನ್ನೊಂದಿಷ್ಟು ಕೊರೆಯಿರಿ. ಅಂಚಿಗೆ ಸಮ ಬಂದಾಗ ಆಯಿತು. ಮೈಮೇಲೆ ಅಂಕಿ ಕೆತ್ತಿಬಿಡಿ. ಎಷ್ಟು ಗ್ರೇನ್ ಅನ್ನುವುದನ್ನು ಕೋವಿ ತಯಾರಿಸಿದವರ ಕೈಪಿಡಿ ನೋಡಿಯೇ ತೀರ್ಮಾನಿಸಿ. ಆಧುನಿಕ ಹೊಗೆಯಿಲ್ಲದ ಮದ್ದನ್ನು ಕರಿಮದ್ದಿನ ಕೋವಿಗೆ ಒಂದು ಚಿಟಿಕೆಯೂ ಹಾಕಬಾರದು. ಅದರ ಒತ್ತಡ ತಡೆಯುವ ಶಕ್ತಿ ಆ ನಳಿಗೆಗಳಿಗಿಲ್ಲ.

ಕರಿಮದ್ದಿನ ಡಬ್ಬಿಯ ಮೇಲೆ ಎರಡು ಎಫ್, ಮೂರು ಎಫ್ ಅಂತ ಇರುತ್ತದೆ. ಎಫ್ ಹೆಚ್ಚಾದಷ್ಟೂ ಕಾಳು ಸಣ್ಣ, ಉರಿಯುವುದು ಬೇಗ. ನಾಲ್ಕು ಎಫ್‌ನದು ಚಕಮಕಿ ಕೋವಿಯ ಬಟ್ಟಲಿಗೆ.

ಬಟ್ಟೆ, ಮೇಣ, ಗುಂಡು

ದುಂಡು ಗುಂಡು ನಳಿಗೆಗಿಂತ ಸ್ವಲ್ಪ ಚಿಕ್ಕದು. ಸುತ್ತಿದ ಬಟ್ಟೆ ಆ ಸಂದಿ ತುಂಬುತ್ತದೆ. 0.50 ಇಂಚಿನ ನಳಿಗೆಗೆ 0.490 ಇಂಚಿನ ಗುಂಡು, 0.015 ಇಂಚಿನ ಬಟ್ಟೆ ಅನ್ನುವುದು ಎಲ್ಲರೂ ಶುರು ಮಾಡುವ ಜೋಡಿ. ಬಟ್ಟೆ ನೂರಕ್ಕೆ ನೂರು ಹತ್ತಿಯದೇ ಇರಬೇಕು, ಪಾಲಿಯೆಸ್ಟರ್ ಒಳಗೆ ಕರಗಿ ಅಂಟುತ್ತದೆ. ಹೊಸ ಬಟ್ಟೆಯ ಗಂಜಿ ಹೋಗುವಂತೆ ಒಗೆದು ಒಣಗಿಸಿ ಆಮೇಲೆ ಕತ್ತರಿಸಿ. ಹಚ್ಚಲು ಒಂದು ಪಾಲು ಜೇನುಮೇಣಕ್ಕೆ ಮೂರು ಪಾಲು ಆಲಿವ್ ಎಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿಕೊಳ್ಳಿ. ಚಳಿಗಾಲಕ್ಕೆ ಎಣ್ಣೆ ಸ್ವಲ್ಪ ಜಾಸ್ತಿ.

ಹೊಡೆದ ಮೇಲೆ ಮುಂದೆ ಬಿದ್ದ ಬಟ್ಟೆಯನ್ನು ಹೆಕ್ಕಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನಡುವೆ ದುಂಡಗೆ ಮಸಿ, ಅಂಚು ಕುಚ್ಚಾಗಿ ಬಿಚ್ಚಿದ್ದರೆ ಎಲ್ಲ ಸರಿಯಿದೆ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು ಅಥವಾ ಮೇಣ ಸಾಲದು. ಸುತ್ತ ಕೊಯ್ದ ಹಾಗಿದ್ದರೆ ನಳಿಗೆಯ ಬಾಯಿಯ ಅಂಚು ಹರಿತವಾಗಿದೆ.

ಗುಂಡು ಎರೆಯುವ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇದನ್ನು ಬಲ್ಲವರ ಜೊತೆ ನಿಂತು ಕಲಿಯುವುದೇ ಒಳ್ಳೆಯದು. ಮೆದು ಸೀಸವೇ ಬೇಕು, ಅದು 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಗಾಳಿಯಾಡುವ ಜಾಗ, ಕನ್ನಡಕ, ಗ್ಲೌಸ್, ಮುಚ್ಚಿದ ಚಪ್ಪಲಿ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಸಿಡಿಯುತ್ತದೆ. ಮಕ್ಕಳು ಹತ್ತಿರ ಇರಬಾರದು, ಕೈ ತೊಳೆಯದೆ ಏನೂ ತಿನ್ನಬಾರದು. ಎರೆದದ್ದನ್ನು ಒಂದೊಂದಾಗಿ ತೂಗಿ ನೋಡಿ. 0.490 ಇಂಚಿನ ಗುಂಡು ಸುಮಾರು 11.5 ಗ್ರಾಂ ಬರಬೇಕು. ಹಗುರವಾಗಿ ಬಂದದ್ದರೊಳಗೆ ಗಾಳಿಗುಳ್ಳೆ ಇರುತ್ತದೆ, ಅದನ್ನು ಮತ್ತೆ ಕರಗಿಸಿ.

ತೊಳೆಯುವುದು, ಅದೂ ಅವತ್ತೇ

ಸುಟ್ಟ ಕರಿಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಗಟ್ಟಿ ಪದಾರ್ಥವೇ. ಅದರಲ್ಲಿ ಒಂದಷ್ಟು ಹೊಗೆಯಾಗಿ ಹೋಗುತ್ತದೆ, ಉಳಿದದ್ದು ಕಿಟ್ಟವಾಗಿ ನಳಿಗೆಯಲ್ಲಿ ಕೂರುತ್ತದೆ. ಆ ಕಿಟ್ಟದ ಲವಣಗಳು ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತವೆ. ನಾಳೆ ತೊಳೆದರಾಯಿತು ಅಂತ ಬಿಟ್ಟರೆ ನಾಳೆಗೆ ತುಕ್ಕು ಶುರುವಾಗಿರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ಆ ಲವಣಗಳು ನೀರಿಗೆ ಕರಗುತ್ತವೆ. ದುಬಾರಿ ದ್ರಾವಣ ಬೇಡ, ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಸಾಕು.

ಗಜದ ಗುರುತು ನೋಡಿ ಕೋವಿ ಖಾಲಿ ಅಂತ ಖಾತ್ರಿ ಮಾಡಿಕೊಳ್ಳಿ. ಕೇಪಿನ ಕೋವಿಯ ನಳಿಗೆ ಕಳಚುವ ಹಾಗಿದ್ದರೆ ಕೇಪು ಕೂರುವ ನಿಪ್ಪಲ್ ಬಿಚ್ಚಿ, ನಳಿಗೆಯ ಹಿಂತುದಿಯನ್ನು ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿ. ಗಜಕ್ಕೆ ಒದ್ದೆ ಬಟ್ಟೆ ಸಿಕ್ಕಿಸಿ ಮೇಲೆ ಕೆಳಗೆ ಆಡಿಸಿದರೆ ನೀರು ತಾನೇ ಒಳಗೆ ಎಳೆದುಕೊಂಡು ಹೊರಗೆ ಹೋಗುತ್ತದೆ. ಕಪ್ಪು ನೀರು ತಿಳಿಯಾಗುವವರೆಗೆ ನೀರು ಬದಲಿಸುತ್ತಾ ಮಾಡಿ. ನಳಿಗೆ ಕಳಚದ ಕೋವಿಯಾದರೆ ಕಿಡಿಯ ತೂತಿಗೆ ಮರದ ಕಡ್ಡಿ ಸಿಕ್ಕಿಸಿ, ಬಾಯಿಯಿಂದ ನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಚೆಲ್ಲಿ. ನೀರು ಕುದಿಯುತ್ತಿರಬೇಕು ಅಂತ ಕೆಲವರು ಹಟ ಹಿಡಿಯುತ್ತಾರೆ. ಅದರಿಂದ ನಳಿಗೆ ಬೇಗ ಒಣಗುವುದು ನಿಜ, ಜೊತೆಗೆ ಕೆಂಪು ತುಕ್ಕಿನ ತೆಳು ಪದರವೂ ಅಷ್ಟೇ ಬೇಗ ಬರುತ್ತದೆ. ನನ್ನ ಮತ ಬೆಚ್ಚಗಿನ ನೀರಿಗೇ.

ಆಮೇಲೆ ಒಣ ಬಟ್ಟೆ, ಒಂದಾದ ಮೇಲೊಂದು, ತೇವ ಪೂರ್ತಿ ಹೋಗುವ ತನಕ. ಕೊನೆಗೆ ಎಣ್ಣೆಯ ಬಟ್ಟೆ. ಕೋವಿಯ ಮರದ ಭಾಗಕ್ಕೆ ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಹೊರಗೆ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಮೊದಲ ರಾತ್ರಿ ಕೋವಿಯನ್ನು ಬಾಯಿ ಕೆಳಗೆ ಮಾಡಿ ಬಟ್ಟೆಯ ಮೇಲೆ ನಿಲ್ಲಿಸಿ. ಹೆಚ್ಚಿನ ಎಣ್ಣೆ ಹಿಂದೆ ಇಳಿದು ಕಿಡಿಯ ದಾರಿ ಕಟ್ಟುವುದಿಲ್ಲ. ಮಾರನೇ ದಿನ ಒಂದು ಬಿಳಿ ಬಟ್ಟೆ ಆಡಿಸಿ ನೋಡಿ. ಕಂದು ಬಣ್ಣ ಬಂದರೆ ಇನ್ನೊಮ್ಮೆ ತೊಳೆದು ಒಣಗಿಸಿ ಎಣ್ಣೆ ಹಚ್ಚಿ. ಮುಂದಿನ ಸಲ ಹೊಡೆಯುವ ಮುಂಚೆ ಒಳಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಕೇಪಿನ ಕೋವಿಯಾದರೆ ಗುರಿ ಅಭ್ಯಾಸದ ಜಾಗದಲ್ಲಿ ಬಾಯಿಯನ್ನು ಒಂದು ಹುಲ್ಲೆಸಳಿನ ಕಡೆ ತೋರಿಸಿ ಬರೀ ಕೇಪು ಹೊಡೆಯಿರಿ. ಹುಲ್ಲು ಅಲುಗಿದರೆ ದಾರಿ ತೆರೆದಿದೆ. ಅಲುಗದಿದ್ದರೆ ನಿಪ್ಪಲ್ ಬಿಚ್ಚಿ ಸೂಜಿಯಿಂದ ಚೊಕ್ಕ ಮಾಡಿ, ಮತ್ತೊಂದು ಕೇಪು ಹೊಡೆದು ನೋಡಿ. ಅದಾದ ಮೇಲೆಯೇ ಮದ್ದು ಅಳೆಯಿರಿ.